ಗದ್ದೆಗಿಳಿದಾಗ ಮನಸ್ಸು ಹಗುರಾಗುತ್ತದೆ, ಅದು ತಪ್ಪಾ?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಹಳ್ಳಿಯವಳು. ಶಿವರಾತ್ರಿ ಆಗಿ ಒಂದು ವಾರಕ್ಕೆ ಯಜಮಾನರಿಗೆ ಲಕ್ವ ಹೊಡೆಯಿತು. ಅವರಿಗೆ 49 ವರ್ಷ. ಬಲಗೈ, ಬಲಗಾಲಲ್ಲಿ ಶಕ್ತಿಯಿಲ್ಲ, ಮಾತು ತೊದಲುತ್ತದೆ. ಈಗ ಕೋಲು ಹಿಡಿದು ಬಚ್ಚಲಿನ ತನಕ ಹೋಗುತ್ತಾರೆ. ಎರಡು ಎಕರೆ ಗದ್ದೆ, ಒಂದೂವರೆ ಎಕರೆ ಅಡಿಕೆ ತೋಟ ಇದೆ. ಸಸಿ ಮಡಿ ಹಾಕಿ 20 ದಿನವಾಯಿತು. ‘ಗಂಡ ಮಲಗಿರುವಾಗ ನಾಟಿಗೆ ಹೋದರೆ ಜನ ಏನಂದಾರು’ ಎಂದು ಅತ್ತೆ ಅನ್ನುತ್ತಾರೆ. ಶಿವಮೊಗ್ಗದಲ್ಲಿ ಪಿಯುಸಿ ಎರಡನೇ ವರ್ಷ ಓದುತ್ತಿರುವ ಮಗ ಕಾಲೇಜು ಬಿಟ್ಟು ಬರುತ್ತೇನೆ ಎನ್ನುತ್ತಾನೆ. ಆರು ತಿಂಗಳೊಳಗೆ ಬಾರದ ಶಕ್ತಿ ಮತ್ತೆ ಬರುವುದಿಲ್ಲ ಎಂದು ನೆಂಟರು ಹೇಳಿ ಹೋದರು. ಯಜಮಾನರು ಊಟದ ತಟ್ಟೆ ತಳ್ಳುತ್ತಾರೆ, ಯಾರಾದರೂ ಬಂದರೆ ಅಳುತ್ತಾರೆ. ಇನ್ನೊಂದು ಮಾತು ಯಾರ ಹತ್ತಿರವೂ ಹೇಳಿಲ್ಲ. ಪಕ್ಕದವರ ಗದ್ದೆಯಲ್ಲಿ ಒಂದು ದಿನ ನಾಟಿಗೆ ಹೋಗಿದ್ದೆ. ಕೆಸರಿನಲ್ಲಿ ಬಗ್ಗಿ ನಿಂತಾಗ ಒಂದು ತಾಸು ಎಲ್ಲ ಮರೆತುಹೋಗಿ ಹಗುರಾಗಿದ್ದೆ. ಮನೆಗೆ ಬಂದ ಮೇಲೆ ಅಳು ಬಂತು. ನಾನು ಕೆಟ್ಟವಳಾ?

ಉತ್ತರ: ಅಲ್ಲ ತಂಗೀ. ನಾಲ್ಕೂವರೆ ತಿಂಗಳಿಂದ ರಾತ್ರಿ ಎರಡು ಸಲ ಎದ್ದು, ಅವರನ್ನು ಎಬ್ಬಿಸಿ ಕೂರಿಸಿ, ಕೊಟ್ಟಿಗೆ ಕೆಲಸ ಮುಗಿಸಿ, ಮಾತ್ರೆ ಎಣಿಸಿ ಬದುಕಿದವಳಿಗೆ ಒಂದು ತಾಸು ಉಸಿರು ಸಿಕ್ಕಿತು. ಅದರಲ್ಲಿ ಪಾಪ ಎಲ್ಲಿದೆ? ನಾನು ತೀರ್ಥಹಳ್ಳಿ ಕಡೆಯ ಗದ್ದೆ ಮನೆಯಲ್ಲಿ ಹುಟ್ಟಿದವಳು. ನಮ್ಮ ಅಪ್ಪಯ್ಯ ಸೊಂಟ ಮುರಿದುಕೊಂಡು ಮಲಗಿದ ವರ್ಷ ಅಮ್ಮ ಜನರ ಮಾತಿಗೆ ಹೆದರಿ ಗದ್ದೆಗೆ ಇಳಿಯಲೇ ಇಲ್ಲ, ಮಳೆಗಾಲ ಪೂರ್ತಿ ಮಂಚದ ಪಕ್ಕದಲ್ಲೇ ಕೂತಿದ್ದಳು. ಇಬ್ಬರೂ ಕಹಿಯಾದರು. ‘ನೀನು ಎದುರಿಗೆ ಕೂತಿದ್ದರೆ ನನ್ನ ಕಾಯಿಲೆಯೇ ಎದುರಿಗೆ ಕೂತ ಹಾಗೆ ಆಗ್ತಿತ್ತು’ ಎಂದು ಅಪ್ಪಯ್ಯ ಎಷ್ಟೋ ವರ್ಷದ ಮೇಲೆ ಹೇಳಿದರು. ನೀವು ಗದ್ದೆಗೆ ಹೋಗಿ. ಕಾಲಿಗೆ ಕೆಸರು ಮೆತ್ತಿಕೊಂಡು ಬಂದು, ಯಾವ ಮಡಿ ಮುಗಿಯಿತು, ಯಾರು ಬಂದಿದ್ದರು, ಉಂಬಳ (ಜಿಗಣೆ) ಎಷ್ಟು ಕಚ್ಚಿದವು ಎಂದು ಅವರಿಗೆ ಹೇಳಿ. ಅವರ ಪ್ರಪಂಚ ಈಗ ಒಂದು ಮಂಚ, ಒಂದು ಕಿಟಕಿ. ಹೊರಗಿನದನ್ನು ಹೊತ್ತು ತರುವವರು ನೀವೊಬ್ಬರೇ.

ಆದರೆ ಎರಡು ಎಕರೆಯನ್ನೂ ಮಾಡಲೇಬೇಕೆಂದು ಹಟ ಬೇಡ. ತಗ್ಗಿನಲ್ಲಿರುವ ಬೈಲು ಗದ್ದೆ ನೆಡಿ, ಎತ್ತರದ ಮಕ್ಕಿ ಗದ್ದೆಯನ್ನು ಈ ಒಂದು ವರ್ಷ ಬಿಡಿ. 25 ದಿನ ದಾಟಿದಂತೆಲ್ಲ ಸಸಿ ಬಲಿತು ತೆಂಡೆ (ಬುಡದ ಕವಲು) ಒಡೆಯುವುದು ಕಡಿಮೆಯಾಗುತ್ತದೆ ಎಂದು ನಿಮಗೇ ಗೊತ್ತು. ಪುನರ್ವಸು ಮಳೆ ಮುಗಿಯುವುದರೊಳಗೆ ಬೈಲು ಮುಗಿದರೆ ಮನೆಯ ಊಟಕ್ಕೆ ಅಕ್ಕಿಯಾಯಿತು. ಬಿಡಲಾಗದ್ದು ತೋಟ. ಮಳೆಯಲ್ಲಿ ಅಡಿಕೆ ಕಾಯಿ ಕೊಳೆಸಿ ಉದುರಿಸುವ ಕೊಳೆರೋಗ ಯಾರ ಕಷ್ಟಕ್ಕೂ ಕಾಯುವುದಿಲ್ಲ. ಮೊದಲ ಔಷಧಿ ಹೊಡೆದು 40-45 ದಿನಕ್ಕೆ ಎರಡನೆಯದು ಆಗಬೇಕು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರಿಗೆ ಇವತ್ತೇ ಹೇಳಿಟ್ಟುಕೊಳ್ಳಿ.

ಯಜಮಾನರಿಗೆ ಕೆಲಸ ಇರುವುದೂ ಅಲ್ಲೇ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಎನ್ನುವುದು ಎಲ್ಲರಿಗೂ ಗೊತ್ತು. ಸುಣ್ಣ ಸಾಕಾಯಿತೋ ಇಲ್ಲವೋ ಎಂದು ನೋಡಲು ಅನುಭವ ಬೇಕು. ಬೆರೆಸಿದ ದ್ರಾವಣವನ್ನು ಒಂದು ಪ್ಲಾಸ್ಟಿಕ್ ಮಗ್ಗಿನಲ್ಲಿ ಜಗಲಿಗೆ ತನ್ನಿ. ತಿಕ್ಕಿ ಹೊಳಪು ಬಂದ ಹಳೇ ಚಾಕುವನ್ನು ಅವರ ಎಡಗೈಗೆ ಕೊಡಿ. ಅದನ್ನು ಒಂದು ನಿಮಿಷ ಅದ್ದಿ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದ್ದರೆ ಸುಣ್ಣ ಇನ್ನೂ ಬೇಕು, ಹತ್ತದಿದ್ದರೆ ಸರಿಯಿದೆ. ‘ಸಾಕು’ ಅಥವಾ ‘ಇನ್ನೂ ಬೇಕು’ ಎಂಬ ಮಾತು ಅವರ ಬಾಯಿಂದ ಬರಲಿ. ಎಷ್ಟು ಹೊತ್ತಾದರೂ ಕಾಯಿರಿ, ನೀವು ಮುಂಚೆ ಹೇಳಿ ಮುಗಿಸಬೇಡಿ. ಅವರು ಹೇಳಿದ ಮೇಲೇ ಡ್ರಮ್ಮು ತೋಟಕ್ಕೆ ಹೋಗಲಿ. ‘ನೀವು ಸುಮ್ಮನೆ ಕೂತಿರಿ, ನಾನು ನೋಡ್ಕೋತೀನಿ’ ಎಂದು ನಾವು ಪ್ರೀತಿಯಿಂದಲೇ ಹೇಳುತ್ತೇವೆ. ನಿನ್ನೆ ಮೊನ್ನೆಯವರೆಗೂ ಹತ್ತು ಆಳಿಗೆ ಕೆಲಸ ಹೇಳಿದವರಿಗೆ ಆ ಮಾತು ಎಷ್ಟು ಚುಚ್ಚುತ್ತದೆ ಎಂದು ನಮಗೆ ಹೊಳೆಯುವುದಿಲ್ಲ.

ಆರು ತಿಂಗಳ ಮಾತು ಅರ್ಧ ಮಾತ್ರ ನಿಜ. ಲಕ್ವದ ನಂತರ ಮೊದಲ ಮೂರರಿಂದ ಆರು ತಿಂಗಳು ಚೇತರಿಕೆ ಬೇಗ ಬೇಗ ಆಗುತ್ತದೆ. ಆಮೇಲೆ ನಿಧಾನವಾಗುತ್ತದೆಯೇ ಹೊರತು ಬಾಗಿಲು ಮುಚ್ಚುವುದಿಲ್ಲ. ಆದ್ದರಿಂದ ಹೆದರುವುದು ಬೇಡ, ವ್ಯಾಯಾಮ ಬಿಡುವುದೂ ಬೇಡ. ನಾಟಿ ದಿನಗಳಲ್ಲಿ ತಪ್ಪುವುದು ಅದೇ. ಬೆಳಿಗ್ಗೆ ಕಾಫಿಗೆ ಮೊದಲು ಇಪ್ಪತ್ತು ನಿಮಿಷ, ಸಂಜೆ ಸ್ನಾನ ಆದ ಮೇಲೆ ಇಪ್ಪತ್ತು ನಿಮಿಷ, ಫಿಸಿಯೋಥೆರಪಿಯವರು ತೋರಿಸಿದ್ದನ್ನು ಮಾಡಿಸಿ. ಮಧ್ಯಾಹ್ನ ಅವರ ಬಲಗೈ ಕೆಳಗೆ ಒಂದು ಮೊರದಲ್ಲಿ ಹುರುಳಿ ಇಡಿ, ಒಂದೊಂದೇ ಕಾಳು ಹೆಕ್ಕಲಿ. ಎಬ್ಬಿಸುವಾಗ ಮಾತ್ರ ಆ ಕೈಯನ್ನು ಹಿಡಿದು ಎಳೆಯಬೇಡಿ, ಭುಜದ ಕೀಲು ಜಾರುತ್ತದೆ. ಊಟ ನೆಟ್ಟಗೆ ಕೂರಿಸಿಯೇ ಆಗಬೇಕು, ಉಂಡ ಮೇಲೂ ಅರ್ಧ ಗಂಟೆ ಕೂತಿರಲಿ. ಬಿಪಿ ಮಾತ್ರೆ ಒಂದು ದಿನವೂ ತಪ್ಪಬಾರದು. ಈ ಮಳೆಯಲ್ಲಿ ಬಸ್ಸು ನಿಂತರೂ ಆಗುವಂತೆ ಒಂದು ತಿಂಗಳಿನದು ಡಬ್ಬದಲ್ಲಿರಲಿ. ಅಂಗಳ ಪಾಚಿಗಟ್ಟಿದ್ದರೆ ಅಂಗಳಕ್ಕೆ ಹಾಸಿದ ಅಡಿಕೆ ದಬ್ಬೆಯ (ಸೀಳಿದ ಮರದ) ಮೇಲೆ ಅವರನ್ನು ನಡೆಸಬೇಡಿ, ಅದು ಕೋಲಿಗೆ ಜಾರುತ್ತದೆ. ಜಗಲಿಯ ಉದ್ದಕ್ಕೆ ಹೋಗಿ ಬರುವುದು ಸಾಕು. ಬಾಯಿ ಮತ್ತೆ ಸೊಟ್ಟಗಾದರೆ, ಇನ್ನೊಂದು ಕೈ ಸೋತರೆ, ಮಾತು ಒಮ್ಮೆಲೇ ಕೆಟ್ಟರೆ ಮನೆಮದ್ದು ಹುಡುಕುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಮೊದಲ ನಾಲ್ಕೂವರೆ ಗಂಟೆ ಬಹಳ ಬೆಲೆಯದ್ದು.

ತಟ್ಟೆ ತಳ್ಳುವುದನ್ನು ನಿಮ್ಮ ಮೇಲಿನ ಸಿಟ್ಟು ಎಂದು ತಿಳಿಯಬೇಡಿ. ಲಕ್ವ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ತಡೆಯಲಾಗದ ಅಳುವೂ ಮಿದುಳಿಗೆ ಬಿದ್ದ ಪೆಟ್ಟಿನಿಂದಲೇ ಬರಬಹುದು. ಎರಡಕ್ಕೂ ಔಷಧಿ ಇದೆ. ಮುಂದಿನ ಸಲ ಡಾಕ್ಟರ ಹತ್ತಿರ ಕೈಕಾಲಿನ ವಿಷಯದ ಜೊತೆಗೆ ಇದನ್ನೂ ಬಾಯಿಬಿಟ್ಟು ಹೇಳಿ. ಅಷ್ಟರೊಳಗೆ ತಡೆಯಲಾರದಷ್ಟಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ದುಡ್ಡು ಬೇಡ. ನಿಮಗೋಸ್ಕರವೂ ಮಾಡಬಹುದು.

ಮಗ ಕಾಲೇಜು ಬಿಡುವುದು ಬೇಡವೇ ಬೇಡ. ಶನಿವಾರ ಸಂಜೆಯ ಬಸ್ಸಿಗೆ ಬರಲಿ, ಭಾನುವಾರ ಗದ್ದೆಗಿಳಿಯಲಿ, ರಾತ್ರಿ ಅಪ್ಪನ ಪಕ್ಕ ಮಲಗಲಿ. ಆ ಒಂದು ರಾತ್ರಿ ನೀವು ನಿದ್ದೆ ಮಾಡಿ.

ಉಳಿದ ದಿನಕ್ಕೆ ಮುಯ್ಯಾಳು, ಅವರು ನಮ್ಮ ಗದ್ದೆಗೆ, ನಾವು ಅವರ ಗದ್ದೆಗೆ. ತಿರುಗಿ ಹೇಗೆ ತೀರಿಸಲಿ ಎಂಬ ಅಂಜಿಕೆ ನಿಮಗಿರುತ್ತದೆ. ‘ಈ ಸಲ ನಾಟಿಗೆ ತೀರಿಸಲಾರೆ, ಕೊಯ್ಲಿಗೆ ತೀರಿಸುತ್ತೇನೆ’ ಎಂದು ನೇರವಾಗಿ ಹೇಳಿ. ಕೇರಿಯಲ್ಲಿ ಬಗ್ಗಿ ನೆಡಲಾರದ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಅವರು ಕವಳದ ಸಂಚಿ ಹಿಡಿದು ಬಂದು ನಿಮ್ಮ ಯಜಮಾನರ ಜೊತೆ ಮಧ್ಯಾಹ್ನ ಕೂತರೆ ಅದನ್ನೂ ಒಂದು ಆಳಿನ ಲೆಕ್ಕಕ್ಕೆ ಹಿಡಿಯಿರಿ. ಯಾರದ್ದು ಎಷ್ಟು ಆಳು ಬಾಕಿ ಎಂದು ಪುಸ್ತಕದಲ್ಲಿ ಗುರುತು ಹಾಕುವ ಕೆಲಸ ಯಜಮಾನರದ್ದು. ಎಡಗೈಯಲ್ಲಿ ಗೆರೆ ಎಳೆದರೂ ನಡೆಯುತ್ತದೆ. ಅತ್ತೆಯವರ ಮಾತಿನ ಹಿಂದೆ ಇರುವುದು ಜನರ ಹೆದರಿಕೆಗಿಂತ ಮಗನ ಚಿಂತೆ ಎಂದು ನನಗನ್ನಿಸುತ್ತದೆ. ಹುರುಳಿಯ ಮೊರದ ಹತ್ತಿರ ಅವರನ್ನೂ ಕೂರಿಸಿ, ಮಗನ ಬೆರಳು ಮಡಚುವುದನ್ನು ಅವರೇ ಕಣ್ಣಾರೆ ನೋಡಲಿ.

ಶೀಗೆ ಹುಣ್ಣಿಮೆ ಹೊತ್ತಿಗೆ ನೀವು ನೆಟ್ಟ ಬೈಲು ಹೊಡೆ ಬಂದಿರುತ್ತದೆ, ಪೈರು ತೆನೆ ಹೊತ್ತು ಬಸಿರಾಗಿರುತ್ತದೆ. ಭೂಮಿ ತಾಯಿಗೆ ಬಯಕೆ ಬಡಿಸಿ, ಗದ್ದೆಯಲ್ಲೇ ಕೂತು ಉಣ್ಣುವ ದಿನ. ಮನೆಯಿಂದ ಆ ಮೊದಲ ಅಂಚಿನ ತನಕ ಎಷ್ಟು ಹೆಜ್ಜೆ ಎಂದು ನಾಳೆ ನಾಟಿಗೆ ಹೋಗುವಾಗ ಎಣಿಸಿ, ಯಜಮಾನರಿಗೆ ಹೇಳಿ. ಜಗಲಿಯಲ್ಲಿ ಇವತ್ತು ಎಷ್ಟಾಯಿತು ಎಂದು ಅವರೂ ಎಣಿಸಲಿ. ಹುಣ್ಣಿಮೆ ಕಳೆದ ಮೇಲೆ ನನಗೊಂದು ಕಾಗದ ಬರೆಯಿರಿ, ಕಾಯುತ್ತಿರುತ್ತೇನೆ.