ಪ್ರತಿ: ಗಂಡಸರಿಗಿಂತ ಕಡಿಮೆ ಸಂಬಳವೆಂದು ಇಇಒಸಿಗೆ (ಅಮೆರಿಕದಲ್ಲಿ ಕೆಲಸದ ಕಡೆಯ ತಾರತಮ್ಯದ ದೂರು ನೋಡುವ ಸರ್ಕಾರಿ ಆಯೋಗ) ಬರೆದು 4 ತಿಂಗಳಾಯಿತು, ಕಂಪನಿಗೆ ನೋಟಿಸ್ ಏಕೆ ಹೋಗಿಲ್ಲ?

ನೀವು ಪೋರ್ಟಲ್‌ನಲ್ಲಿ ಹಾಕಿರುವುದು ಬಹುಶಃ ಬರೀ 'ಇನ್‌ಕ್ವೈರಿ'. ಅದು ದೂರಲ್ಲ. ನೀವು ಸಹಿ ಮಾಡಿದ 'ಚಾರ್ಜ್' (ಅಧಿಕೃತ ದೂರು) ದಾಖಲಾದ ಮೇಲೆ, 10 ದಿನದೊಳಗೆ ಕಂಪನಿಗೆ ನೋಟಿಸ್ ಹೋಗುತ್ತದೆ.

ಇವತ್ತೇ ಲಾಗಿನ್ ಆಗಿ ಇಇಒಸಿಯವರ ಜೊತೆಗಿನ ಸಂದರ್ಶನಕ್ಕೆ ದಿನ ಗೊತ್ತುಮಾಡಿ. ಹತ್ತಿರದ ದಿನ ಸಿಗದಿದ್ದರೆ ಫೋನ್ ಮಾಡಿ, ಗಡುವು ಮುಗಿಯುತ್ತಿದೆ ಎಂದು ಹೇಳಿ. ಚಾರ್ಜ್ ಹಾಕಲು ಗಡುವು ತಾರತಮ್ಯ ನಡೆದ ದಿನದಿಂದ 180 ದಿನ. ತಾರತಮ್ಯ ತಡೆಯುವ ರಾಜ್ಯದ ಸಂಸ್ಥೆಯೂ ಇದ್ದರೆ 300. ನಿಮ್ಮ ರಾಜ್ಯ ಯಾವುದೆಂದು ಬರೆದಿಲ್ಲ, ಆದ್ದರಿಂದ 180 ಎಂದೇ ಎಣಿಸಿ. ಎಚ್‌ಆರ್ ಜೊತೆ ಮಾತುಕತೆ ನಡೆಯುತ್ತಿದ್ದರೂ ಈ ದಿನಗಳು ಓಡುತ್ತಲೇ ಇರುತ್ತವೆ, ದಯವಿಟ್ಟು ಅದನ್ನು ನಂಬಿ ಕೂರಬೇಡಿ.

ನಿಮ್ಮದು ಸಂಬಳದ ವಿಷಯವಾದ್ದರಿಂದ ಒಂದು ಅನುಕೂಲವಿದೆ: 2009ರ ಲಿಲಿ ಲೆಡ್‌ಬೆಟರ್ ಕಾಯ್ದೆಯಂತೆ ಪ್ರತಿ ಕಡಿಮೆ ಸಂಬಳಕ್ಕೂ ಎಣಿಕೆ ಹೊಸದಾಗಿ ಶುರು. ಪೇ ಸ್ಲಿಪ್‌ಗಳನ್ನೆಲ್ಲ ತೆಗೆದಿಡಿ. 1963ರ ಸಮಾನ ವೇತನ ಕಾಯ್ದೆಯಡಿಯಾದರೆ ಚಾರ್ಜ್ ಇಲ್ಲದೆಯೇ 2 ವರ್ಷದೊಳಗೆ ನೇರ ಕೋರ್ಟಿಗೆ ಹೋಗಬಹುದು.