ಸ್ಲೀವ್ ಮಾಡಿಸಲೋ, ಬೈಪಾಸ್ ಮಾಡಿಸಲೋ?

ಶಿರಸಿ ಹತ್ತಿರದ ಹಳ್ಳಿ, ತೂಕ 108 ಕೆಜಿ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 41, ಆರು ವರ್ಷದಿಂದ ಶುಗರ್. ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಮಾಡಿಸಬೇಕೆಂದಿದ್ದೀರಿ. ಹುಬ್ಬಳ್ಳಿಯ ಡಾಕ್ಟರು ಸ್ಲೀವ್ ಅಂದರು, ಮಂಗಳೂರಿನವರು ಬೈಪಾಸ್ ಅಂದರು, ಯಾವುದರಲ್ಲಿ ತೂಕ ಹೆಚ್ಚು ಇಳಿಯುತ್ತದೆ ಅಂತ ಕೇಳಿದ್ದೀರಿ. ನನ್ನ ಕಣ್ಣಿಗೆ ಬಿದ್ದಿದ್ದು ಮಾತ್ರ ನೀವು ಕೊನೆಗೆ ಸೇರಿಸಿದ ಒಂದು ಸಾಲು: ರಾತ್ರಿ ಎದೆಯುರಿ, ಹುಳಿತೇಗು, ಎರಡು ದಿಂಬು ಇಲ್ಲದೆ ಮಲಗಲಾಗುವುದಿಲ್ಲ. ಈ ಸಾಲನ್ನು ಇಬ್ಬರೂ ಡಾಕ್ಟರಿಗೆ ಹೇಳಿದ್ದೀರಾ? ಹೇಳದಿದ್ದರೆ ಮೊದಲು ಹೇಳಿ.

ನಾನು ಕುಮಟೆಯವಳು, ಡಾಕ್ಟರಲ್ಲ. ನನಗೆ ಬೈಪಾಸ್ ಆಗಿದೆ, ನನ್ನ ನಾದಿನಿಗೆ ಸ್ಲೀವ್. ಎರಡನ್ನೂ ಒಂದೇ ಅಡುಗೆಮನೆಯಲ್ಲಿ ನೋಡುತ್ತಿದ್ದೇನೆ.

ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಕತ್ತರಿಸಿ ತೆಗೆಯುತ್ತಾರೆ, ಬಾಳೆಕಾಯಿ ಆಕಾರದ ಕೊಳವೆ ಉಳಿಯುತ್ತದೆ. ತೆಗೆದದ್ದನ್ನು ಮತ್ತೆ ಜೋಡಿಸಲು ಬರುವುದಿಲ್ಲ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ಆ ಭಾಗದಲ್ಲೇ ತಯಾರಾಗುವುದರಿಂದ ಹಸಿವೂ ತಗ್ಗುತ್ತದೆ. ಕರುಳಿನ ತಂಟೆಗೆ ಹೋಗುವುದಿಲ್ಲ. ಬೈಪಾಸ್‌ನಲ್ಲಿ ಸುಮಾರು 30 ಮಿಲಿ ಹಿಡಿಯುವ ಸಣ್ಣ ಚೀಲ ಮಾಡಿ, ಅದಕ್ಕೆ ಕೆಳಗಿನ ಕರುಳನ್ನು ತಂದು ಜೋಡಿಸುತ್ತಾರೆ. ಊಟ ಉಳಿದ ಹೊಟ್ಟೆಯನ್ನೂ ಕರುಳಿನ ಮೊದಲ ಭಾಗವನ್ನೂ ಬಿಟ್ಟು ಮುಂದೆ ಹೋಗುತ್ತದೆ. ಒಂದೇ ಜೋಡಣೆಯ ‘ಮಿನಿ ಬೈಪಾಸ್’ ಕೂಡ ನಮ್ಮಲ್ಲಿ ಸಾಕಷ್ಟು ಮಾಡುತ್ತಾರೆ, ಅದರಲ್ಲಿ ಪಿತ್ತರಸ ಮೇಲೆ ಬರುವ ಭಯ ಒಂದಿದೆ. ಹೊಟ್ಟೆಯ ಮೇಲ್ಭಾಗಕ್ಕೆ ಪಟ್ಟಿ ಬಿಗಿಯುವ ‘ಬ್ಯಾಂಡ್’ ಈಗ ಬಹುತೇಕ ಯಾರೂ ಹಾಕುವುದಿಲ್ಲ.

ಇನ್ನು ತೂಕದ ಲೆಕ್ಕ. ಫಿನ್‌ಲೆಂಡಿನಲ್ಲಿ 240 ಜನರನ್ನು ಎರಡು ಗುಂಪು ಮಾಡಿ ಹತ್ತು ವರ್ಷ ಹಿಂಬಾಲಿಸಿದ ಸ್ಲೀವ್‌ಪಾಸ್ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಹತ್ತು ವರ್ಷದ ನಂತರ ಸ್ಲೀವ್ ಆದವರ ಹೆಚ್ಚುವರಿ ತೂಕದಲ್ಲಿ ಶೇ 43.5, ಬೈಪಾಸ್ ಆದವರದ್ದು ಶೇ 51.9 ಇಳಿದಿತ್ತು. ನಿಮ್ಮ ಎತ್ತರಕ್ಕೆ ಹೆಚ್ಚುವರಿ ತೂಕ, ಅಂದರೆ ಬಿಎಂಐ 25ಕ್ಕಿಂತ ಮೇಲಿರುವುದು, ಸುಮಾರು 42 ಕಿಲೋ. ಹಾಗಾಗಿ ಈ ವ್ಯತ್ಯಾಸ ನಿಮ್ಮ ಮೈಮೇಲೆ ಮೂರೂವರೆ ಕಿಲೋದಷ್ಟು. ಅಷ್ಟಕ್ಕಾಗಿ ಇದನ್ನು ಬಿಟ್ಟು ಅದನ್ನು ಆರಿಸಬೇಕಾಗಿಲ್ಲ. ಆದರೆ ಅದೇ ಜನರಿಗೆ ಎಂಡೋಸ್ಕೋಪಿ ಮಾಡಿದಾಗ ಅನ್ನನಾಳ ಉರಿದು ಹುಣ್ಣಾದದ್ದು ಸ್ಲೀವ್ ಗುಂಪಿನಲ್ಲಿ ಶೇ 31, ಬೈಪಾಸ್ ಗುಂಪಿನಲ್ಲಿ ಶೇ 7. ನೋಡಬೇಕಾದ ಅಂಕಿ ಇದು! ಕೊಳವೆಯೊಳಗೆ ಒತ್ತಡ ಹೆಚ್ಚಿ ಆಮ್ಲ ಮೇಲಕ್ಕೆ ನುಗ್ಗುತ್ತದೆ. ನಾದಿನಿಗೆ ಮೊದಲು ಎದೆಯುರಿ ಇರಲೇ ಇಲ್ಲ. ಈಗ ಸಂಜೆ ಏಳಕ್ಕೆ ಊಟ ಮುಗಿಸುತ್ತಾಳೆ, ಅಪ್ಪೆಹುಳಿಯ ಲೋಟ ಮುಟ್ಟುವುದಿಲ್ಲ, ಬೆಳಗ್ಗೆ ಖಾಲಿ ಹೊಟ್ಟೆಗೆ ಗುಳಿಗೆ ಬೇಕೇ ಬೇಕು. ಉಳಿದಂತೆ ಆರಾಮಾಗಿದ್ದಾಳೆ, ಮೊಣಕಾಲು ನೋವು ಹೋಗಿದೆ.

ನಿಮ್ಮ ಶುಗರ್ ಕೂಡ ಬೈಪಾಸ್ ಕಡೆಗೇ ಸ್ವಲ್ಪ ವಾಲುತ್ತದೆ. ಎರಡರಲ್ಲೂ ಶುಗರ್ ಇಳಿಯುತ್ತದೆ, ಕಾಯಿಲೆ ಹಳೆಯದಾದಷ್ಟೂ ಪೂರ್ತಿ ಬಿಡುವುದು ಕಷ್ಟ. ಹಾಗಾಗಿ ನಿಮ್ಮ ಜಾಗದಲ್ಲಿ ನಾನಿದ್ದರೆ ಬೈಪಾಸ್ ಅನ್ನುತ್ತಿದ್ದೆ. ಆದರೂ ಮೊದಲು ಎಂಡೋಸ್ಕೋಪಿ ಆಗಲಿ.

ಬೈಪಾಸ್‌ಗೆ ಕೊಡಬೇಕಾದ ಬೆಲೆ ಬೇರೆ. ಒಂದು ಉಪನಯನದಲ್ಲಿ ಒಂದೇ ಒಂದು ಕಾಯಿಹೋಳಿಗೆ ತಿಂದೆ. ಕಾಲು ಗಂಟೆಯೊಳಗೆ ಎದೆ ಡವಡವ, ಮೈಯೆಲ್ಲ ಬೆವರು, ಕೈ ನಡುಕ, ಅಡುಗೆಮನೆಯ ಹಿಂದೆ ಗೋಡೆಗೆ ಒರಗಿ ಕೂತೆ. ಡಂಪಿಂಗ್ ಅನ್ನುತ್ತಾರೆ: ಸಿಹಿ ನೇರವಾಗಿ ಕರುಳಿಗೆ ಇಳಿಯುವುದರಿಂದ ಹೀಗಾಗುತ್ತದೆ. ಇದಕ್ಕಿಂತ ದೊಡ್ಡದು ಗುಳಿಗೆಗಳ ಶಿಸ್ತು. ಕಬ್ಬಿಣ, ಕ್ಯಾಲ್ಸಿಯಂ, ಬಿ12, ಡಿ ಜೀವಮಾನವಿಡೀ ಬೇಕು, ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ತಪ್ಪಬಾರದು. ಕಬ್ಬಿಣ, ಕ್ಯಾಲ್ಸಿಯಂ ಎರಡನ್ನೂ ಒಟ್ಟಿಗೆ ನುಂಗಬಾರದು, ಎರಡು ತಾಸು ಅಂತರ ಇರಲಿ. ಸ್ಲೀವ್ ಆದವರಿಗೂ ಗುಳಿಗೆ, ಪರೀಕ್ಷೆ ಬೇಕು, ಆದರೆ ಬೈಪಾಸ್‌ನಲ್ಲಿ ಬಿಟ್ಟರೆ ಪೆಟ್ಟು ಜೋರು. ನೀವು ಸಸ್ಯಾಹಾರಿಗಳಾಗಿದ್ದರೆ ಬಿ12 ಈಗಲೇ ಕಡಿಮೆ ಇರಬಹುದು, ಆಪರೇಷನ್‌ಗೆ ಮೊದಲೇ ನೋಡಿಸಿ. ದಿನಕ್ಕೆ 60 ಗ್ರಾಂ ಪ್ರೋಟೀನ್ ಹೊಂದಿಸುವುದೂ ನಿಮಗೆ ಕಷ್ಟದ ಕೆಲಸ. ನಾನು ಬಂಗಡೆಯ ಮುಳ್ಳು ಬಿಡಿಸಿ ಚೂರು ಚೂರೇ ಅಗಿದು ತಿನ್ನುತ್ತೇನೆ, ನೀವು ಮೊಸರು, ಪನೀರು, ಮೊಳಕೆ ಹೆಸರುಕಾಳಿನಲ್ಲಿ ಲೆಕ್ಕ ಕೂಡಿಸಬೇಕು. ಗಂಜಿ, ತಂಬುಳಿಯಲ್ಲಿ ಹೊಟ್ಟೆ ತುಂಬಿಸಿಕೊಂಡರೆ ಕೂದಲು ಉದುರುತ್ತದೆ, ಸ್ನಾಯು ಕರಗುತ್ತದೆ.

ಎಲೆಅಡಿಕೆಯ ಕವಳದಲ್ಲಿ ತಂಬಾಕು ಹಾಕುವ ರೂಢಿ ಇದ್ದರೆ ಬಿಡಬೇಕು. ತಂಬಾಕು, ಬ್ರೂಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಗುಳಿಗೆ, ಇವೆಲ್ಲ ಬೈಪಾಸ್‌ನ ಜೋಡಣೆಯ ಜಾಗದಲ್ಲಿ ಹುಣ್ಣು ಮಾಡುತ್ತವೆ. ಊರಿನ ಡಾಕ್ಟರ ಹತ್ತಿರ ಸೊಂಟನೋವಿಗೆ ಹೋದರೂ ಬೈಪಾಸ್ ಆಗಿದೆ ಅಂತ ಬಾಯಿಬಿಟ್ಟು ಹೇಳಿ.

ಆಸ್ಪತ್ರೆ ಎಷ್ಟು ದೂರ ಅನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳಿ. ಮೊದಲ ಕೆಲವು ವಾರ ಹೊಲಿಗೆಯಿಂದ ಸೋರಿಕೆಯಾದರೆ ಜ್ವರ, ಹೊಟ್ಟೆನೋವು, ನಾಡಿ ಓಟ ಶುರುವಾಗುತ್ತದೆ, ಆಗ ತಾಸುಗಳ ಪ್ರಶ್ನೆ. ನಮ್ಮ ಜಿಲ್ಲೆಯವರು ದೊಡ್ಡ ಚಿಕಿತ್ಸೆಗೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಗೋವಾ ಅಂತ ಓಡುವುದು ಇನ್ನೂ ತಪ್ಪಿಲ್ಲ. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದಾಗಿದ್ದು ನಿಮಗೂ ನೆನಪಿರುತ್ತದೆ. ಹಾಗಾಗಿ ಮಳೆಗಾಲ ದಾಟಿಸಿ ದಿನ ಗೊತ್ತುಮಾಡಿ, ಮೊದಲ ಎರಡು ವಾರ ಆಸ್ಪತ್ರೆ ಇರುವ ಊರಿನಲ್ಲೇ ನೆಂಟರ ಮನೆಯಲ್ಲಿ ಉಳಿಯಿರಿ. ಬೈಪಾಸ್ ಆಗಿ ವರ್ಷಗಳ ಮೇಲೂ ಇದ್ದಕ್ಕಿದ್ದಂತೆ ಹೊಟ್ಟೆ ಹಿಂಡಿ ಬಂದರೆ ಗ್ಯಾಸ್ ಅಂತ ಕೂರಬೇಡಿ. ಕರುಳು ಒಳಗೇ ಸಿಕ್ಕಿಕೊಂಡಿರಬಹುದು, ಕೂಡಲೇ ಸ್ಕ್ಯಾನ್ ಬೇಕು.

ತೂಕ ಇಳಿಸುವ ಚುಚ್ಚುಮದ್ದಿನ ಬಗ್ಗೆಯೂ ಕೇಳಿದ್ದೀರಿ. ಮೌಂಜಾರೊ, ವೆಗೋವಿ ಎರಡೂ 2025ರಲ್ಲಿ ಭಾರತಕ್ಕೆ ಬಂದಿವೆ, ಕೆಲಸವೂ ಮಾಡುತ್ತವೆ, ನಿಲ್ಲಿಸಿದರೆ ತೂಕ ಬಹಳಷ್ಟು ಮರಳುತ್ತದೆ. ಆಪರೇಷನ್‌ಗೆ ಮನಸ್ಸು ಒಪ್ಪದಿದ್ದರೆ ಅದನ್ನೂ ಡಾಕ್ಟರ ಹತ್ತಿರ ಮಾತಾಡಿ.

ಖರ್ಚಿಗೆ ಬಂದರೆ, ಆರೋಗ್ಯ ವಿಮೆಯ ಸಾಮಾನ್ಯ ನಿಯಮದಲ್ಲಿ ಬಿಎಂಐ 40 ದಾಟಿದವರ ಆಪರೇಷನ್‌ಗೆ ಅವಕಾಶವಿದೆ, ಆದರೆ ಮೊದಲು ಬೇರೆ ದಾರಿಯಲ್ಲಿ ತೂಕ ಇಳಿಸಲು ನೋಡಿ ಆಗಲಿಲ್ಲ ಅನ್ನುವುದನ್ನು ತೋರಿಸಬೇಕು. ಡಯಟಿಷಿಯನ್ ಚೀಟಿ, ಹಳೆಯ ತೂಕದ ದಾಖಲೆ, ಶುಗರ್ ರಿಪೋರ್ಟು ಎಲ್ಲ ಒಂದು ಫೈಲಿನಲ್ಲಿ ಹಾಕಿ, ಒಪ್ಪಿಗೆ ಕೈಗೆ ಬಂದ ಮೇಲೇ ಅಡ್ಮಿಟ್ ಆಗಿ.