ಓದುಗರ ಪ್ರಶ್ನೆಗಳಿಗೆ ಉತ್ತರ: ಮೀನಿನ ತೊಟ್ಟಿಗೆ ಕರೆಯದೆ ಬಂದ ಬಸವನಹುಳು

ಪ್ರಶ್ನೆ: ನಮ್ಮ ಮನೆಯಲ್ಲಿ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಗಾಜಿನ ತೊಟ್ಟಿಯಿದ್ದು, ಅದರಲ್ಲಿ 12 ಗಪ್ಪಿ ಮತ್ತು 4 ಮೋಲಿ ಮೀನುಗಳಿವೆ. ಕಳೆದ ಮಳೆಗಾಲದಲ್ಲಿ ಗದ್ದೆಬದಿಯ ತೋಡಿನಿಂದ ಒಂದು ಹಿಡಿ ಹೈಡ್ರಿಲ್ಲಾ ಗಿಡ ತಂದು ಹಾಕಿದೆವು. ಅದರೊಂದಿಗೆ ಬಂದ ಎರಡು ಮೂರು ಶಂಖದ ಹುಳುಗಳನ್ನು ಕಂಡು ಮಕ್ಕಳು ಸಂತೋಷಪಟ್ಟರು. ಈಗ ಗಾಜು, ಗಿಡ, ಫಿಲ್ಟರ್ ಎಲ್ಲೆಂದರಲ್ಲಿ ಅವುಗಳೇ ತುಂಬಿವೆ. ದಿನವೂ ಹೆಕ್ಕಿ ತೆಗೆದರೂ ಮರುದಿನ ಅಷ್ಟೇ ಇರುತ್ತವೆ. ನಾವು ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರನ್ನೇ ಬಳಸುತ್ತೇವೆ. ಮೀನಿಗೆ ನಾನೂ ಅತ್ತೆಯವರೂ ಮಕ್ಕಳೂ ಆಹಾರ ಹಾಕುತ್ತೇವೆ. ಇವುಗಳನ್ನು ಸಂಪೂರ್ಣವಾಗಿ ತೊಲಗಿಸಲು ಏನು ಮಾಡಬೇಕು?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ಹುಳುಗಳನ್ನು ತೋಡಿನ ಗಿಡ ತಂದಿತು ಎಂಬುದು ನಿಜ, ಆದರೆ ಎರಡು ಮೂರನ್ನು ಇನ್ನೂರು ಮುನ್ನೂರು ಮಾಡಿದ್ದು ಮೂವರು ಮೂರು ಹೊತ್ತಿನಲ್ಲಿ ಹಾಕಿದ ಆಹಾರ. ನಿಮ್ಮ ತೊಟ್ಟಿ ತುಂಬಿದರೆ ಸುಮಾರು 56 ಲೀಟರ್ ನೀರು ಹಿಡಿಯುತ್ತದೆ, ಕಲ್ಲು ಮತ್ತು ಹೊಯಿಗೆಯ (ಮರಳಿನ) ಜಾಗ ಕಳೆದರೆ 50 ಲೀಟರಿಗಿಂತಲೂ ಕಡಿಮೆ. ಅಷ್ಟು ನೀರಿನಲ್ಲಿರುವ 16 ಸಣ್ಣ ಮೀನುಗಳಿಗೆ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಆಹಾರ ಸಾಕು. ಉಳಿದದ್ದೆಲ್ಲ ಕಲ್ಲಿನ ಸಂದಿಗೆ ಇಳಿದು ಬಸವನಹುಳುಗಳ ಪಾಲಾಗುತ್ತದೆ, ಮತ್ತು ತಿನ್ನಲು ಸಿಕ್ಕಷ್ಟು ಕಾಲ ಅವು ಮೊಟ್ಟೆಯಿಡುತ್ತಲೇ ಇರುತ್ತವೆ. ನೀವು ದಿನವೂ ಹೆಕ್ಕಿ ತೆಗೆದರೂ ಸಂಖ್ಯೆ ಇಳಿಯದಿರಲು ಕಾರಣವೂ ಇದೇ: ದೊಡ್ಡವುಗಳನ್ನು ತೆಗೆದಾಗ ಅವು ತಿನ್ನುತ್ತಿದ್ದ ಪಾಲು ಮರಿಗಳಿಗೆ ಸಿಗುತ್ತದೆ.

ಮೊದಲಿಗೆ ನಿಮ್ಮಲ್ಲಿರುವುದು ಯಾವ ಜಾತಿ ಎಂದು ನೋಡಿಕೊಳ್ಳಿ. ನಾವು ಶಂಖದ ಹುಳು, ತುಳುವಿನಲ್ಲಿ ನರ್ತೆ, ಅಂಗಡಿಯವರು ಮಲಯಾಳದಲ್ಲಿ ಒಚ್ಚ್ ಎಂದು ಒಂದೇ ಹೆಸರಿನಿಂದ ಕರೆದರೂ ತೊಟ್ಟಿಗಳಲ್ಲಿ ಹೆಚ್ಚಾಗಿ ಕಾಣುವವು ಮೂರು ಬಗೆಯವು. ಚಿಪ್ಪಿನ ತುದಿಯನ್ನು ಮೇಲೆ ಮಾಡಿ ಬಾಯಿಯನ್ನು ನಿಮ್ಮತ್ತ ತಿರುಗಿಸಿ ಹಿಡಿದಾಗ ಬಾಯಿ ಎಡಗಡೆಗೆ ಬಂದರೆ, ಚಿಪ್ಪು ತೆಳುವಾಗಿ ಹೊಳೆಯುತ್ತಿದ್ದರೆ, ಅದು ಫೈಸಾ. ಚಕ್ಕುಲಿಯಂತೆ ಚಪ್ಪಟೆಯಾಗಿ ಸುತ್ತಿಕೊಂಡದ್ದು ರಾಮ್ಸ್‌ಹಾರ್ನ್. ನಮ್ಮ ಗದ್ದೆ ತೋಡುಗಳಲ್ಲಿ ಕಾಣುವ ಕಂದುಗಪ್ಪು ಬಣ್ಣದ ಇಂಡೋಪ್ಲಾನಾರ್ಬಿಸ್ ಇದೇ ಕುಟುಂಬದ್ದು. ಉದ್ದನೆಯ ಮೊನಚು ಶಂಖದಂತಿದ್ದು ಹಗಲು ಹೊಯಿಗೆಯೊಳಗೆ ಅಡಗಿ ರಾತ್ರಿ ಹೊರಬರುವುದು ಟ್ರಂಪೆಟ್ ಬಸವನಹುಳು, ಅಂದರೆ ಮೆಲನಾಯ್ಡಿಸ್. ಮೊದಲಿನ ಎರಡರಲ್ಲಿ ಪ್ರತಿಯೊಂದು ಹುಳುವೂ ಗಂಡೂ ಹೌದು, ಹೆಣ್ಣೂ ಹೌದು. ಜೊತೆ ಸಿಗದಿದ್ದರೆ ಒಂಟಿಯಾಗಿಯೇ ಫಲವತ್ತಾದ ಮೊಟ್ಟೆಯಿಡಬಲ್ಲದು. ಎಲೆಯ ಅಡಿಯಲ್ಲೋ ಗಾಜಿನ ಮೂಲೆಯಲ್ಲೋ ಲೋಳೆಯ ಸಣ್ಣ ತುಣುಕಿನಂತೆ ಕಾಣುವುದು ಅವುಗಳ ಮೊಟ್ಟೆಯ ಗುಂಪು. ನಮ್ಮ ಸೆಕೆಯ ನೀರಿನಲ್ಲಿ ಅದು ಒಂದೆರಡು ವಾರದೊಳಗೆ ಒಡೆದು ಮರಿಗಳಾಗುತ್ತವೆ. ಟ್ರಂಪೆಟ್ ಹುಳು ಮೊಟ್ಟೆಯನ್ನೇ ಇಡುವುದಿಲ್ಲ, ಗಂಡಿನ ಹಂಗಿಲ್ಲದೆ ನೇರವಾಗಿ ಮರಿ ಹಾಕುತ್ತದೆ. ಆದುದರಿಂದ ‘ಒಂದೇ ಒಂದು ಉಳಿದಿದೆ, ಇನ್ನೇನು ಮಾಡೀತು’ ಎಂಬ ಸಮಾಧಾನಕ್ಕೆ ಇಲ್ಲಿ ಅರ್ಥವಿಲ್ಲ.

ಇನ್ನು ಮಾಡಬೇಕಾದ ಕೆಲಸ. ಮೀನಿಗೆ ಆಹಾರ ಹಾಕುವ ಹೊಣೆಯನ್ನು ಮನೆಯಲ್ಲಿ ಒಬ್ಬರಿಗೇ ವಹಿಸಿ, ಡಬ್ಬಿಯನ್ನು ಮಕ್ಕಳ ಕೈಗೆಟುಕದಲ್ಲಿ ಇಡಿ. ಅತ್ತೆಯವರಿಗೆ ಬೇಸರವಾಗುವುದಾದರೆ ಆ ಹೊಣೆಯನ್ನು ಅವರಿಗೇ ಕೊಡಿ. ವಾರಕ್ಕೊಂದು ದಿನ ಏನೂ ಹಾಕದಿದ್ದರೆ ಬೆಳೆದ ಮೀನುಗಳಿಗೆ ಯಾವ ತೊಂದರೆಯೂ ಇಲ್ಲ. ವಾರಕ್ಕೊಮ್ಮೆ ಪೈಪು ಇಳಿಸಿ ಹೊಯಿಗೆಯ ಮೇಲಿನ ಕಸವನ್ನು ಎಳೆಯುತ್ತಾ ಕಾಲು ಭಾಗದಷ್ಟು ನೀರು ತೆಗೆದು ಹೊಸ ನೀರು ಹಾಕಿ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಉಜ್ಜಿ ತೊಳೆಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಿ ಮರಳಿ ಇಡಿ. ಮೀನಿನ ಹೊಲಸನ್ನು ಅರಗಿಸುವ ಬ್ಯಾಕ್ಟೀರಿಯಗಳು ನೆಲೆಸಿರುವುದು ಅದರಲ್ಲಿ, ಮರಿಹುಳುಗಳು ಅಡಗಿರುವುದೂ ಅದರಲ್ಲಿಯೇ.

ಹೆಕ್ಕುವುದನ್ನು ಬಿಡಬೇಡಿ, ಆದರೆ ಹಗಲು ಹೆಕ್ಕುವುದಕ್ಕಿಂತ ರಾತ್ರಿ ಬಲೆ ಹಾಕುವುದು ಲೇಸು. ಮುಳ್ಳುಸೌತೆಯ ದಪ್ಪ ಬಿಲ್ಲೆಯೊಂದನ್ನು ಬಿಸಿನೀರಿನಲ್ಲಿ ಅರೆ ನಿಮಿಷ ಅದ್ದಿ, ಸ್ಟೀಲಿನ ಚಮಚಕ್ಕೆ ಚುಚ್ಚಿ ದೀಪ ಆರಿಸಿದ ಮೇಲೆ ತಳಕ್ಕೆ ಇಳಿಸಿ. ಬೆಳಗ್ಗೆ ದೀಪ ಹಾಕುವ ಮೊದಲೇ ಮೆಲ್ಲನೆ ಮೇಲೆತ್ತಿದರೆ ಹತ್ತಾರು ಹುಳುಗಳು ಅಂಟಿಕೊಂಡು ಬರುತ್ತವೆ. ಬಿಲ್ಲೆಯನ್ನು ಮರೆತು ಎರಡು ದಿನ ಅಲ್ಲೇ ಬಿಟ್ಟರೆ ಅದು ಕೊಳೆತು, ಹುಳುಗಳಿಗೆ ನೀವೇ ಹಬ್ಬದೂಟ ಉಣಬಡಿಸಿದಂತಾಗುತ್ತದೆ. ನನ್ನ ಮನೆಯಲ್ಲಿ ಒಮ್ಮೆ ಹಾಗೆಯೇ ಆಗಿ, ತೊಟ್ಟಿಯ ನೀರು ಗಂಜಿತಿಳಿಯ ಬಣ್ಣಕ್ಕೆ ತಿರುಗಿತ್ತು. ಗಾಜಿನ ಮೇಲಿನ ಮೊಟ್ಟೆಯ ಲೋಳೆಯನ್ನು ಹಳೆಯ ಬ್ಯಾಂಕ್ ಕಾರ್ಡಿನ ಅಂಚಿನಿಂದ ಕೆರೆದು ತೆಗೆಯಬಹುದು. ಗಪ್ಪಿಗಳು ಮೊಟ್ಟೆಯ ಗೊಡವೆಗೆ ಹೋಗುವುದು ಕಡಿಮೆ.

ಸುರಂಗದ ನೀರಿನ ವಿಷಯವನ್ನು ನೀವು ಬರೆದದ್ದು ಒಳ್ಳೆಯದಾಯಿತು. ಮುರಕಲ್ಲಿನ ಗುಡ್ಡದಿಂದ ಜಿನುಗುವ ಈ ನೀರಿನಲ್ಲಿ ಸುಣ್ಣದ ಅಂಶ ಬಹಳ ಕಡಿಮೆ, ಸ್ವಲ್ಪ ಆಮ್ಲೀಯ ಗುಣವೂ ಇರುತ್ತದೆ. ಬಸವನಹುಳುವಿನ ಚಿಪ್ಪು ಸುಣ್ಣದಿಂದಲೇ ಆದದ್ದಾದುದರಿಂದ ಇಂತಹ ನೀರಿನಲ್ಲಿ ಅದರ ತುದಿ ಬೆಳ್ಳಗಾಗಿ, ಸವೆದು, ಕುಳಿ ಬೀಳುತ್ತದೆ. ಹಾಗೆಂದು ಅವು ಸಂತಾನವನ್ನು ನಿಲ್ಲಿಸುವುದಿಲ್ಲ. ಅಲಂಕಾರಕ್ಕೆಂದು ಹೊಳೆಯಿಂದ ತಂದ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪುಗಳನ್ನು ತೊಟ್ಟಿಯೊಳಗೆ ಇಟ್ಟಿದ್ದರೆ ಅವು ಕರಗುತ್ತಾ ನೀರಿಗೆ ಸುಣ್ಣ ಕೊಡುತ್ತವೆ. ಅದು ಹುಳುಗಳಿಗೂ ಹಿತ, ನಿಮ್ಮ ಮೋಲಿಗಳಿಗೂ ಹಿತ. ಮೋಲಿಗಳಿರುವವರೆಗೆ ಚಿಪ್ಪುಗಳನ್ನು ತೆಗೆಯಿರಿ ಎಂದು ನಾನು ಹೇಳಲಾರೆ.

ಸಂಪೂರ್ಣವಾಗಿ ತೊಲಗಿಸುವುದು ನಿಜವಾಗಿಯೂ ಅಗತ್ಯವೇ ಎಂಬುದನ್ನೂ ಯೋಚಿಸಿ. ಫೈಸಾ ಮತ್ತು ರಾಮ್ಸ್‌ಹಾರ್ನ್‌ಗಳು ಮುಖ್ಯವಾಗಿ ತಿನ್ನುವುದು ಪಾಚಿ, ಕೊಳೆತ ಎಲೆ ಮತ್ತು ಮಿಕ್ಕ ಆಹಾರವನ್ನು; ಆರೋಗ್ಯವಾಗಿರುವ ಗಿಡಗಳಿಗೆ ಅವುಗಳಿಂದ ಹೇಳಿಕೊಳ್ಳುವಂತಹ ಹಾನಿಯಿಲ್ಲ. ಟ್ರಂಪೆಟ್ ಹುಳು ಹೊಯಿಗೆಯನ್ನು ಉತ್ತು ಸಡಿಲಗೊಳಿಸುತ್ತದೆ. ಈ ಟ್ರಂಪೆಟ್ ಹುಳುಗಳು ಹಾಡುಹಗಲಿನಲ್ಲಿ ಒಟ್ಟಾಗಿ ನೀರಿನ ಮೇಲ್ಭಾಗಕ್ಕೆ ಏರಿ ಬಂದರೆ ಆಮ್ಲಜನಕ ಇಳಿದಿದೆ ಅಥವಾ ನೀರು ಕೆಟ್ಟಿದೆ ಎಂದು ತಿಳಿದು ಕೂಡಲೇ ಸ್ವಲ್ಪ ನೀರು ಬದಲಿಸಬಹುದು. ಆಹಾರ ಕಡಿಮೆ ಮಾಡಿದ ಒಂದೂವರೆ ಎರಡು ತಿಂಗಳಲ್ಲಿ ಎಲ್ಲ ಹುಳುಗಳ ಸಂಖ್ಯೆ ಕಣ್ಣಿಗೆ ಅಡ್ಡಿಯಾಗದಷ್ಟಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ತೃಪ್ತಿಪಡುವುದು ಜಾಣತನವೆಂದು ನನ್ನ ಅಭಿಪ್ರಾಯ.

ಮುಂದೆ ಗಿಡ ತರುವಾಗ, ತೋಡಿನದಾಗಲಿ ಅಂಗಡಿಯದಾಗಲಿ, ಲೀಟರಿಗೆ ಎರಡು ಚಹಾ ಚಮಚದಂತೆ ಸ್ಫಟಿಕದ (ಆಲಂ) ಪುಡಿ ಕದಡಿದ ನೀರಿನಲ್ಲಿ ಎರಡು ಮೂರು ಗಂಟೆ ಮುಳುಗಿಸಿಟ್ಟು, ಚೆನ್ನಾಗಿ ತೊಳೆದು, ಬೇರೆ ಬಕೆಟ್ಟಿನಲ್ಲಿ ಮೂರು ವಾರ ಬೆಳಕಿನಲ್ಲಿಡಿ. ಸ್ಫಟಿಕಕ್ಕೆ ಬಗ್ಗದ ಮೊಟ್ಟೆಗಳಿದ್ದರೆ ಆ ಅವಧಿಯಲ್ಲಿ ಮರಿಗಳಾಗಿ ಬಕೆಟ್ಟಿನಲ್ಲಿಯೇ ಕಾಣಿಸಿಕೊಳ್ಳುತ್ತವೆ. ಟ್ರಂಪೆಟ್ ಹುಳುವಿಗೆ ಚಿಪ್ಪಿನ ಬಾಯಿ ಮುಚ್ಚುವ ಗಟ್ಟಿ ಮುಚ್ಚಳವಿರುವುದರಿಂದ ಅದು ಸ್ಫಟಿಕದ ನೀರಿಗೂ ಜಗ್ಗುವುದಿಲ್ಲ. ಗಿಡದ ಬೇರನ್ನು ಕೈಯಿಂದಲೇ ಬಿಡಿಸಿ ನೋಡಬೇಕು.

ಪ್ರಶ್ನೆ: ಬಸವನಹುಳುಗಳಿಗೆ ತಾಮ್ರ ವಿಷವೆಂದು ಕೇಳಿದ್ದೇನೆ. ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸಲು ತಂದ ಮೈಲುತುತ್ತು (ತಾಮ್ರದ ಸಲ್ಫೇಟ್) ಮನೆಯಲ್ಲಿದೆ. ಒಂದು ಚಿಟಿಕೆ ತೊಟ್ಟಿಗೆ ಹಾಕಬಹುದೇ?
— ಕೃಷಿಕರೊಬ್ಬರು, ಪೆರ್ಲ

ಉತ್ತರ: ದಯವಿಟ್ಟು ಹಾಕಬೇಡಿ. ಮೈಲುತುತ್ತಿನ ತೂಕದಲ್ಲಿ ಸುಮಾರು ಕಾಲು ಭಾಗ ತಾಮ್ರ. ನಿಮ್ಮ ಚಿಟಿಕೆ ಅರ್ಧ ಗ್ರಾಂ ಇದ್ದು, ತೊಟ್ಟಿಯಲ್ಲಿ 50 ಲೀಟರ್ ನೀರಿದ್ದರೆ, ಲೀಟರಿಗೆ ಎರಡೂವರೆ ಮಿಲಿಗ್ರಾಂ ತಾಮ್ರ ಸೇರಿದಂತಾಯಿತು. ಮೆದು ನೀರಿನಲ್ಲಿ ಇದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣವೂ ಮೀನುಗಳಿಗೆ ಮಾರಕ. ಗಡಸು ನೀರಿನಲ್ಲಿ ಸುಣ್ಣದ ಅಂಶವು ತಾಮ್ರದ ವಿಷವನ್ನು ಒಂದಿಷ್ಟು ತಡೆಯುತ್ತದೆ, ಬೋರ್ಡೋ ತಯಾರಿಸುವಾಗ ಸುಣ್ಣ ಬೆರೆಸುವುದೂ ಮೈಲುತುತ್ತಿನ ತೀಕ್ಷ್ಣತೆ ಎಲೆಗೆ ತಾಗದಿರಲೆಂದೇ ಅಲ್ಲವೇ? ನಮ್ಮ ಸುರಂಗ ಮತ್ತು ಬಾವಿಗಳ ನೀರಿಗೆ ಆ ರಕ್ಷಣೆ ಇಲ್ಲ. ಅಂಗಡಿಯಲ್ಲಿ ಸಿಗುವ ಬಸವನಹುಳು ನಾಶಕ ಔಷಧಗಳಲ್ಲಿಯೂ ಹಲವು ತಾಮ್ರದವೇ. ಅಳತೆ ತಪ್ಪದೆ ಹಾಕಿದರೂ, ಒಮ್ಮೆಗೇ ಸತ್ತ ನೂರಾರು ಹುಳುಗಳು ಕಲ್ಲಿನಡಿಯಲ್ಲಿ ಕೊಳೆತು ಅಮೋನಿಯ ಏರಿ, ಔಷಧದಿಂದ ಉಳಿದ ಮೀನುಗಳು ಅದರಿಂದ ಸಾಯುತ್ತವೆ. ತೊಟ್ಟಿಯಲ್ಲಿ ಸೀಗಡಿಗಳಿದ್ದರಂತೂ ಮೊದಲು ಹೋಗುವವು ಅವೇ.

ನೀವು ಕೇಳದ ಒಂದು ಮಾತನ್ನೂ ಸೇರಿಸುತ್ತೇನೆ. ಬೋರ್ಡೋ ಕದಡಿದ ಬಕೆಟ್, ಮಗ್ಗು, ಪೈಪುಗಳನ್ನು ಎಷ್ಟು ತೊಳೆದರೂ ಮೀನಿನ ತೊಟ್ಟಿಯ ನೀರು ಬದಲಿಸಲು ಬಳಸಬಾರದು. ಮಳೆಗಾಲದ ಮೊದಲ ಸಿಂಪರಣೆಯ ಬಳಿಕ ‘ಕಾರಣವಿಲ್ಲದೆ’ ಮೀನು ಸತ್ತಿತು ಎಂದು ದೂರುವ ತೋಟದ ಮನೆಗಳಲ್ಲಿ ನಾನು ಮೊದಲು ವಿಚಾರಿಸುವುದು ಬಕೆಟ್ಟಿನ ಬಗ್ಗೆಯೇ. ಮೀನಿಗೆಂದು ಪ್ರತ್ಯೇಕ ಬಕೆಟ್ ಇಟ್ಟು, ಅದರ ಮೇಲೆ ಬಣ್ಣದಲ್ಲಿ ಬರೆದಿಡಿ.

ಪ್ರಶ್ನೆ: ಬಸವನಹುಳು ತಿನ್ನುವ ಮೀನು ಸಾಕಿದರೆ ಸಾಕಲ್ಲವೇ? ಅಂಗಡಿಯಲ್ಲಿ ಕ್ಲೌನ್ ಲೋಚ್ ಮತ್ತು ಕುಬ್ಜ ಪಫರ್ ತೋರಿಸಿದರು.
— ವಿದ್ಯಾರ್ಥಿಯೊಬ್ಬರು, ಕುಂಬಳೆ

ಉತ್ತರ: ತಿನ್ನುವುದು ನಿಜ. ಆದರೆ ಅಂಗಡಿಯಲ್ಲಿ ಬೆರಳುದ್ದವಿರುವ ಕ್ಲೌನ್ ಲೋಚ್ 30 ಸೆಂಟಿಮೀಟರ್‌ವರೆಗೆ ಬೆಳೆಯಬಲ್ಲದು ಮತ್ತು ಗುಂಪಿನಲ್ಲಿ ಮಾತ್ರ ನೆಮ್ಮದಿಯಾಗಿರುತ್ತದೆ. ಎರಡು ಅಡಿಯ ತೊಟ್ಟಿ ಅದಕ್ಕೆ ಸೆರೆಮನೆ. ಕುಬ್ಜ ಪಫರ್ ಮೂರುವರೆ ಸೆಂಟಿಮೀಟರ್ ದಾಟುವುದಿಲ್ಲ, ಬಸವನಹುಳು ಅದರ ನೆಚ್ಚಿನ ಆಹಾರ, ಬೆಳೆಯುತ್ತಲೇ ಇರುವ ಅದರ ಹಲ್ಲು ಸವೆಯಲು ಚಿಪ್ಪು ಬೇಕು ಕೂಡ. ಆದರೆ ಅದು ಗಪ್ಪಿಗಳ ಬಾಲವನ್ನು ಕಚ್ಚಿ ಹರಿಯುತ್ತದೆ, ಒಣ ಆಹಾರವನ್ನು ಹೆಚ್ಚಾಗಿ ಮೂಸುವುದೂ ಇಲ್ಲ. ಹುಳು ಮುಗಿದ ಮೇಲೆ ಅದಕ್ಕೆ ಏನು ಕೊಡುತ್ತೀರಿ? 1941ರಲ್ಲಿ ತಿರುವಾಂಕೂರಿನ ಹೆಸರಿನಿಂದಲೇ ವಿಜ್ಞಾನಕ್ಕೆ ಪರಿಚಯವಾದ ಈ ಮೀನು ಪಶ್ಚಿಮ ಘಟ್ಟದ ನದಿಗಳದ್ದು, ಅಲ್ಲಿಂದ ಹಿಡಿದು ಮಾರಿದ್ದರಿಂದ ಅಪಾಯದಂಚಿಗೆ ಬಂದಿದೆ. ಘಟ್ಟದ್ದೇ ಆದ ಜೀಬ್ರಾ ಲೋಚ್‌ನ ಸ್ಥಿತಿಯೂ ಚೆನ್ನಾಗಿಲ್ಲ. ಬಸವನಹುಳುಗಳನ್ನೇ ಬೇಟೆಯಾಡುವ ಅಸಾಸಿನ್ ಎಂಬ ಇನ್ನೊಂದು ಬಸವನಹುಳು ಇದೆ. ಅದರಲ್ಲಿ ಗಂಡು ಹೆಣ್ಣು ಬೇರೆ ಬೇರೆ, ಸಂತಾನ ನಿಧಾನ. ಮೀನುಗಳಿಗಿಂತ ಅದು ಮೇಲು, ಆದರೆ ಮೆದು ನೀರಿನಲ್ಲಿ ಅದರ ಚಿಪ್ಪೂ ಸವೆಯುತ್ತದೆ.

ಪ್ರಶ್ನೆ: ಅಂಗಡಿಯಿಂದ ತಂದ ಬಂಗಾರ ಬಣ್ಣದ ಎರಡು ದೊಡ್ಡ ಬಸವನಹುಳುಗಳು ನೀರಿನ ಮೇಲೆ ಗಾಜಿನಲ್ಲಿ ತಿಳಿಗುಲಾಬಿ ಬಣ್ಣದ ಗೊಂಚಲು ಅಂಟಿಸಿವೆ. ಇವೂ ತೊಟ್ಟಿ ತುಂಬುತ್ತವೆಯೇ? ಹೆಚ್ಚಾದವುಗಳನ್ನು ನಮ್ಮ ಕೆರೆಗೆ ಬಿಡಬಹುದೇ?
— ಓದುಗರೊಬ್ಬರು, ಮಂಜೇಶ್ವರ

ಉತ್ತರ: ಇದು ಆಪಲ್ ಬಸವನಹುಳು. ಮೊಟ್ಟೆಯನ್ನು ನೀರಿನ ಹೊರಗೆ ಕಣ್ಣಿಗೆ ಕಾಣುವಂತೆ ಇಡುವುದರಿಂದ ಇದರ ನಿಯಂತ್ರಣ ಬಲು ಸುಲಭ: ಗೊಂಚಲನ್ನು ಕೆರೆದು, ಜಜ್ಜಿ ಎಸೆದರೆ ಮುಗಿಯಿತು. ಕೆರೆಗೆ ಮಾತ್ರ ಖಂಡಿತ ಬಿಡಬೇಡಿ. 1980ರ ಸುಮಾರಿಗೆ ಆಹಾರಕ್ಕೆಂದು ದಕ್ಷಿಣ ಅಮೆರಿಕದಿಂದ ತೈವಾನಿಗೆ ತಂದ ಇದರದೇ ಬಳಗದ ಜಾತಿಯೊಂದು ಗದ್ದೆಗಳಿಗೆ ಹರಡಿ, ಆಗ್ನೇಯ ಏಷ್ಯಾದ ಭತ್ತದ ಬೆಳೆಗಾರರಿಗೆ ಇಂದಿಗೂ ಪೀಡೆಯಾಗಿ ಉಳಿದಿದೆ. ತೊಟ್ಟಿಯಿಂದ ತೆಗೆದ ಯಾವುದೇ ಹುಳುವನ್ನು, ಸಣ್ಣದಾಗಲಿ ದೊಡ್ಡದಾಗಲಿ, ತೋಡಿಗೋ ಕೆರೆಗೋ ಚರಂಡಿಗೋ ಎಸೆಯದೆ, ಕುದಿಯುವ ನೀರು ಹೊಯ್ದು ಕೊಂದ ಮೇಲೆ ತೆಂಗಿನ ಬುಡದಲ್ಲಿ ಹೂಳಿ.